ಕ್ಯಾಂಪಿಗೆ ಹೋದ ಮಗಳಿಗೆ ಕಾಗದ, ಪಾರ್ಸಲ್: ಏನು, ಯಾವಾಗ, ಎಷ್ಟು?

ಪ್ರಶ್ನೆ: ನಮ್ಮ ಮಗಳಿಗೆ ಒಂಬತ್ತು ವರ್ಷ. ಈ ಬೇಸಿಗೆ ರಜೆಯಲ್ಲಿ ಎರಡು ವಾರದ ಕ್ಯಾಂಪಿಗೆ ಹೋಗುತ್ತಿದ್ದಾಳೆ. ಮನೆ ಬಿಟ್ಟು ಇಷ್ಟು ದಿನ ಇರುವುದು ಇದೇ ಮೊದಲು. ಅಲ್ಲಿ ಫೋನ್ ಇಟ್ಟುಕೊಳ್ಳುವ ಹಾಗಿಲ್ಲ. ಪತ್ರ ಬರೆಯಬಹುದು, ಪಾರ್ಸಲ್ ಕಳಿಸಬಹುದು ಎಂದಿದ್ದಾರೆ. ದಿನಾ ಬರೆಯಬೇಕಾ? ಏನು ಬರೆಯಬೇಕು? ಪತ್ರ ಓದಿ ಮನೆ ನೆನಪಾಗಿ ಅತ್ತರೆ ಏನು ಮಾಡುವುದು? ಪಾರ್ಸಲ್‌ನಲ್ಲಿ ಏನು ಹಾಕಿದರೆ ಒಳ್ಳೆಯದು?

ಉತ್ತರ: ನಾನು ಬಹಳ ವರ್ಷ ಮಕ್ಕಳ ಕ್ಯಾಂಪ್‌ಗಳಲ್ಲಿ ಕೆಲಸ ಮಾಡಿದ್ದೇನೆ. ಅಲ್ಲಿ ನನಗೆ ತುಂಬ ಇಷ್ಟವಾಗಿದ್ದ ಕೆಲಸ ಅಂಚೆ ಹಂಚುವುದು. ಮಧ್ಯಾಹ್ನದ ಊಟ ಮುಗಿದು ಮಕ್ಕಳು ಹಾಸಿಗೆ ಮೇಲೆ ಉರುಳಿಕೊಂಡಿರುವ ಹೊತ್ತು ಅದು. ಕಾಗದದ ಕಟ್ಟು ಹಿಡಿದು ಬಾಗಿಲಿಗೆ ಬಂದರೆ ಗಲಾಟೆಯೆಲ್ಲ ನಿಂತುಬಿಡುತ್ತಿತ್ತು. ತನ್ನ ಹೆಸರು ಕೇಳಿದ ಮಗು ದಡಬಡ ಎದ್ದು ಬರುವುದನ್ನು ನೋಡಿದವರು ಪತ್ರ ಬರೆಯಬೇಕಾ ಬೇಡವಾ ಎಂದು ಯೋಚಿಸುವುದಿಲ್ಲ. ಖಂಡಿತ ಬರೆಯಿರಿ. ಆದರೆ ಪೆನ್ನು ಹಿಡಿಯುವ ಮೊದಲು ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಕಾಗದ ತಡವಾಗಿ ತಲುಪುತ್ತದೆ. ನೀವು ಸೋಮವಾರ ಬರೆದದ್ದನ್ನು ಅವಳು ಗುರುವಾರವೋ ಶುಕ್ರವಾರವೋ ಓದುತ್ತಾಳೆ. ಅವಳು ಮಂಗಳವಾರ ಬರೆದದ್ದು ನಿಮ್ಮ ಕೈಗೆ ಬರುವಾಗ ಶನಿವಾರ ಆಗಿರುತ್ತದೆ. ಫೋನಿಗೆ ಒಗ್ಗಿಹೋದ ನಮಗೆ ಇದು ಮರೆತೇ ಹೋಗಿದೆ. ಕ್ಯಾಂಪ್ ಪತ್ರಗಳಲ್ಲಿ ಆಗುವ ಎಡವಟ್ಟು, ಅಪ್ಪ ಅಮ್ಮಂದಿರು ಪಡುವ ಸಂಕಟ, ಎರಡರಲ್ಲೂ ಹೆಚ್ಚಿನ ಪಾಲು ಈ ಮೂರು ನಾಲ್ಕು ದಿನದ ಅಂತರದಿಂದಲೇ ಹುಟ್ಟುತ್ತದೆ. ನೀವು ಬರೆಯುವಾಗ ನಿಮ್ಮ ಕಣ್ಣ ಮುಂದೆ ಇರುವುದು ಬಾಗಿಲಲ್ಲಿ ಟಾಟಾ ಮಾಡಿ ಹೋದ ಮಗಳು. ಓದುವವಳು ಆ ಮಗಳಲ್ಲ. ಅಷ್ಟರಲ್ಲಿ ಅವಳಿಗೆ ಇಬ್ಬರು ಸ್ನೇಹಿತೆಯರು ಸಿಕ್ಕಿರುತ್ತಾರೆ, ಮೊಣಕಾಲು ತರಚಿರುತ್ತದೆ, ಒಂದು ಹಾಡು ಬಾಯಿಪಾಠ ಆಗಿರುತ್ತದೆ. ಆ ಹುಡುಗಿಗೆ ಬರೆಯಿರಿ.

ಹಾಗಾದರೆ ಮೊದಲ ಪತ್ರ ಯಾವಾಗ ಹಾಕಬೇಕು? ಅವಳು ಹೊರಡುವ ಮೊದಲೇ. ಹೊಸ ಜಾಗದಲ್ಲಿ ಮನೆ ನೆನಪು ಜಾಸ್ತಿ ಕಾಡುವುದು ಮೊದಲ ಕೆಲವು ದಿನ. ನೀವು ಅವಳನ್ನು ಬಿಟ್ಟು ಬಂದ ಸಂಜೆ ಬರೆದರೆ ಆ ದಿನಗಳು ಕಳೆದ ಮೇಲೆ ಪತ್ರ ಸಿಗುತ್ತದೆ. ಆದ್ದರಿಂದ ಹೊರಡುವುದಕ್ಕೆ ಮೂರು ದಿನ ಮುಂಚೆಯೇ ಒಂದು ಪತ್ರ ಅಂಚೆಗೆ ಹಾಕಿ. ಇನ್ನೂ ಒಳ್ಳೆಯ ದಾರಿ ಇದೆ. ಮೂರು ಪತ್ರ ಬರೆದು, ಕವರ್ ಮೇಲೆ ಯಾವ ದಿನ ಕೊಡಬೇಕು ಎಂದು ಗುರುತು ಹಾಕಿ, ಬಿಡಲು ಹೋದಾಗ ಅಲ್ಲಿನವರ ಕೈಗೇ ಕೊಟ್ಟು ಬನ್ನಿ. ಎಷ್ಟೋ ಕ್ಯಾಂಪ್‌ಗಳು ಇದನ್ನು ಸಂತೋಷದಿಂದ ಒಪ್ಪುತ್ತವೆ, ಆದರೂ ಒಮ್ಮೆ ಕೇಳಿಕೊಳ್ಳಿ. ಮಗಳ ಬ್ಯಾಗಿನೊಳಗೆ, ಬಟ್ಟೆಗಳ ನಡುವೆ ಒಂದು ಸಣ್ಣ ಚೀಟಿ ಇಟ್ಟರೂ ಚೆನ್ನ. ಎರಡನೇ ದಿನ ಬೆಳಗ್ಗೆ ಸಾಕ್ಸ್ ತೆಗೆಯುವಾಗ ಅದು ಕೈಗೆ ಸಿಗುತ್ತದೆ ಅಲ್ವಾ, ಅದರ ಖುಷಿಯೇ ಬೇರೆ.

ದಿನಾ ಬರೆಯಬೇಕೆಂದೇನೂ ಇಲ್ಲ. ಎರಡು ವಾರದ ಕ್ಯಾಂಪಿಗೆ ನಾಲ್ಕೈದು ಪತ್ರ ಧಾರಾಳ ಸಾಕು. ದಿನಾ ಬರೆಯುವ ಆಸೆ ನಿಮಗಿದ್ದರೆ ಬರೆಯಿರಿ, ತಪ್ಪಿಲ್ಲ. ಆದರೆ ಶುರುವಿನಲ್ಲಿ ದಿನಾ ಕಳಿಸಿ ಆಮೇಲೆ ಸುಮ್ಮನಾದರೆ ಮಗು ಗಾಬರಿಯಾಗುತ್ತದೆ. ಒಂದು ವಿಷಯ ನಾನು ನೂರು ಸಲ ಕಂಡಿದ್ದೇನೆ. ಒಂದೂ ಪತ್ರ ಬಾರದ ಮಗು ಏನೂ ಆಗಿಲ್ಲ ಎನ್ನುವ ಹಾಗೆ ಹಾಸಿಗೆ ಸರಿಮಾಡುತ್ತ ಕೂತಿರುತ್ತದೆ. ಆದ್ದರಿಂದ ಎಷ್ಟು ಉದ್ದ ಬರೆದಿರಿ ಎನ್ನುವುದಕ್ಕಿಂತ, ತಪ್ಪದೆ ಬಂತಾ ಎನ್ನುವುದು ಮುಖ್ಯ. ಐದು ಸಾಲು ಇದ್ದರೂ ಸಾಕು. ಪ್ರತಿ ಪತ್ರದ ಮೇಲೆ ತಾರೀಖು ಮತ್ತು ನಂಬರ್ ಹಾಕಿ. ಅಂಚೆಯಲ್ಲಿ ಹಿಂದೆ ಮುಂದೆ ಆಗುವುದುಂಟು. ಮೂರನೆಯದು ಎರಡನೆಯದಕ್ಕಿಂತ ಮೊದಲು ಬಂದರೂ ಅವಳಿಗೆ ತಿಳಿಯುತ್ತದೆ.

ಇನ್ನು ಒಳಗೆ ಏನು ಬರೆಯುವುದು ಎಂಬ ಮಾತು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಪ್ರೀತಿ ಜಾಸ್ತಿ ಇರುವ ಕಡೆಯೇ ತಪ್ಪಾಗುವುದು. "ನೀನಿಲ್ಲದೆ ಮನೆ ಭಣ ಭಣ ಅನ್ನಿಸುತ್ತಿದೆ. ರಾತ್ರಿ ನಿದ್ದೆ ಬರಲಿಲ್ಲ. ನಾಯಿ ನಿನ್ನ ರೂಮಿನ ಬಾಗಿಲಲ್ಲೇ ಕೂತಿದೆ." ಇದನ್ನು ಬರೆಯುವಾಗ ಅಮ್ಮನಿಗೆ ಹಗುರವಾಗುತ್ತದೆ. ಓದುವ ಮಗುವಿಗೆ ಭಾರವಾಗುತ್ತದೆ. ತಾನು ಇಲ್ಲಿ ನಗುತ್ತಾ ಇರುವುದೇ ತಪ್ಪೇನೋ ಎಂದು ಅದಕ್ಕೆ ಅನ್ನಿಸುತ್ತದೆ. ಒಬ್ಬ ಪುಟ್ಟ ಹುಡುಗ ಇಂಥ ಪತ್ರ ಓದಿ ನನ್ನ ಹತ್ತಿರ ಬಂದು, "ನಮ್ಮಮ್ಮನ್ನ ಯಾರು ನೋಡ್ಕೋತಾರೆ?" ಎಂದು ಕೇಳಿದ್ದ. ಆ ಪ್ರಶ್ನೆಯನ್ನು ನಾನು ಇವತ್ತಿಗೂ ಮರೆತಿಲ್ಲ. ನಿಮ್ಮ ಮನಸ್ಸಿನ ಭಾರವನ್ನು ತಂಗಿಗೆ ಹೇಳಿ, ಗೆಳತಿಗೆ ಹೇಳಿ, ಡೈರಿಯಲ್ಲಿ ಬರೆಯಿರಿ. ಮಗಳ ಪತ್ರದಲ್ಲಿ ಬೇಡ.

ಹಾಗೆಂದು ಪ್ರೀತಿಯನ್ನು ಬಚ್ಚಿಡಬೇಕೆಂದಲ್ಲ. "ನಿನ್ನ ನೆನಪು ಬರುತ್ತದೆ, ನೀನು ಅಲ್ಲಿ ಚೆನ್ನಾಗಿದ್ದೀಯ ಅಂತ ಖುಷಿಯೂ ಆಗುತ್ತದೆ" ಎಂದು ಒಂದು ಸಾಲು ಬರೆಯಿರಿ, ಮುಂದಕ್ಕೆ ಹೋಗಿ. ಎರಡೂ ಮಾತು ಒಟ್ಟಿಗೆ ಇರಲಿ. ಮೊದಲನೆಯದನ್ನು ಮಾತ್ರ ಬರೆದರೆ ಎಳೆದಂತಾಗುತ್ತದೆ, ಎರಡನೆಯದನ್ನು ಮಾತ್ರ ಬರೆದರೆ ದೂರ ತಳ್ಳಿದಂತಾಗುತ್ತದೆ.

ಇದರ ಎದುರು ದಿಕ್ಕಿನ ತಪ್ಪೂ ಒಂದಿದೆ. ಅವಳಿಲ್ಲದಾಗ ಮನೆಯಲ್ಲಿ ನಡೆದ ಸಡಗರವನ್ನೆಲ್ಲ ಬಣ್ಣಿಸುವುದು. ಎಲ್ಲರೂ ಸೇರಿ ಎಲ್ಲಿಗೋ ಹೋಗಿ ಬಂದದ್ದು, ತಮ್ಮನಿಗೆ ಹೊಸ ಸೈಕಲ್ ಕೊಡಿಸಿದ್ದು, ಇವೆಲ್ಲ ಅವಳು ಬಂದ ಮೇಲೆ ಹೇಳಿದರಾಯಿತು. ಪತ್ರಕ್ಕೆ ಬೇಕಾದದ್ದು ಸಪ್ಪೆ ಸುದ್ದಿ. ಹೌದು, ಸಪ್ಪೆಯೇ. ಅಪ್ಪ ಮತ್ತೆ ಕನ್ನಡಕ ಎಲ್ಲೋ ಇಟ್ಟು ಹುಡುಕುತ್ತಿದ್ದಾರೆ. ನೀನು ನೆಟ್ಟ ಗಿಡಕ್ಕೆ ಮೂರನೇ ಎಲೆ ಬಂದಿದೆ. ಬೆಕ್ಕು ಬಟ್ಟೆ ಬುಟ್ಟಿಯಲ್ಲೇ ಮಲಗುತ್ತಿದೆ. ಇಂಥ ಸುದ್ದಿ ಓದಿದ ಮಗುವಿಗೆ ಮನೆ ತಾನು ಬಿಟ್ಟು ಬಂದ ಹಾಗೇ ಇದೆ ಎಂಬ ಧೈರ್ಯ ಸಿಗುತ್ತದೆ. ಆ ಧೈರ್ಯ ಇದ್ದರೆ ಅದು ಆರಾಮವಾಗಿ ಆಟಕ್ಕೆ ಹೋಗುತ್ತದೆ.

ಪ್ರಶ್ನೆ ಕೇಳಿ, ಆದರೆ ಸರಿಯಾದ ಪ್ರಶ್ನೆ. "ಚೆನ್ನಾಗಿದ್ದೀಯಾ? ಊಟ ಸರಿಯಾಗಿ ಮಾಡ್ತಿದ್ದೀಯಾ? ಅಳ್ತಿಲ್ಲ ತಾನೆ?" ಎಂದು ಕೇಳಬೇಡಿ. ಅಳುವುದಕ್ಕೆ ಏನೋ ಇದೆ ಎಂದು ನೀವೇ ನೆನಪಿಸಿದ ಹಾಗಾಗುತ್ತದೆ. "ನಿನ್ನ ಹಾಸಿಗೆ ಮೇಲಿನದಾ ಕೆಳಗಿನದಾ? ಪಕ್ಕದಲ್ಲಿ ಯಾರು ಮಲಗುತ್ತಾರೆ? ನಿಮ್ಮ ಗುಂಪಿನಲ್ಲಿ ಜೋರಾಗಿ ಹಾಡುವವರು ಯಾರು? ರಾತ್ರಿ ಕಿಟಕಿಯಿಂದ ಏನು ಕಾಣಿಸುತ್ತದೆ?" ಹೀಗೆ ಕೇಳಿದರೆ ಉತ್ತರ ಬರೆಯಲು ಅವಳಿಗೆ ಏನಾದರೂ ಸಿಗುತ್ತದೆ. ಒಂದು ಪತ್ರಕ್ಕೆ ಎರಡು ಪ್ರಶ್ನೆ ಸಾಕು.

ಒಂದು ಮಾದರಿ ಕೊಡುತ್ತೇನೆ. ಇದನ್ನೇ ನಕಲು ಮಾಡಬೇಡಿ, ಧಾಟಿ ನೋಡಿಕೊಳ್ಳಿ.

"ಪುಟ್ಟಿ, ಇದು ಎರಡನೇ ಕಾಗದ. ನೀನು ಇದನ್ನು ಓದುವಾಗ ಈಜು ಶುರುವಾಗಿರುತ್ತೆ ಅಂದುಕೊಂಡಿದ್ದೀನಿ. ಇಲ್ಲಿ ನಿನ್ನೆ ಮಳೆ ಬಂತು. ಅಪ್ಪ ಒಣಗಿಸಿದ ಬಟ್ಟೆ ತರಲು ಓಡಿ, ಒದ್ದೆ ಬಟ್ಟೆ ಜೊತೆ ಒದ್ದೆಯಾಗಿ ಬಂದರು. ತಮ್ಮ ನಿನ್ನ ಕುರ್ಚಿಯಲ್ಲಿ ಕೂತು ಊಟ ಮಾಡ್ತಿದ್ದಾನೆ, ಬಂದ ಮೇಲೆ ವಾಪಸ್ ಕೊಡ್ತಾನಂತೆ. ನೀನು ಟೆಂಟ್ ಹಾಕೋದು ಕಲಿತರೆ ಅದರ ಚಿತ್ರ ಬರೆದು ಕಳಿಸು. ಹಗ್ಗ ಎಲ್ಲೆಲ್ಲಿ ಕಟ್ಟುತ್ತಾರೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಮುತ್ತು, ಅಮ್ಮ."

ಇಷ್ಟೇ. ಇದರಲ್ಲಿ ಬುದ್ಧಿವಾದ ಇಲ್ಲ ನೋಡಿ. ಹಲ್ಲುಜ್ಜು, ಜಗಳ ಆಡಬೇಡ, ಟವೆಲ್ ಕಳೆಯಬೇಡ ಎನ್ನುವುದನ್ನು ಅಲ್ಲಿ ಹೇಳುವವರು ಇದ್ದಾರೆ.

ಕೆಟ್ಟ ಸುದ್ದಿಯ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ, ಸಾಕಿದ ಪ್ರಾಣಿ ಸತ್ತುಹೋದರೆ, ದಯವಿಟ್ಟು ಅದನ್ನು ಪತ್ರದಲ್ಲಿ ಬರೆಯಬೇಡಿ. ಹಾಸಿಗೆ ಮೇಲೆ ಒಬ್ಬಳೇ ಕೂತು, ಸುತ್ತ ಹನ್ನೆರಡು ಮಕ್ಕಳು ಗಲಾಟೆ ಮಾಡುತ್ತಿರುವಾಗ ಓದುವ ಸುದ್ದಿಯಲ್ಲ ಅದು. ಕ್ಯಾಂಪ್ ನಡೆಸುವವರಿಗೆ ನೇರವಾಗಿ ಫೋನ್ ಮಾಡಿ. ಈಗಲೇ ಹೇಳಬೇಕಾ, ಯಾರು ಹೇಳಬೇಕು, ನೀವೇ ಫೋನಿನಲ್ಲಿ ಮಾತಾಡುತ್ತೀರಾ ಎಂದು ಅವರ ಜೊತೆ ಕೂಡಿ ನಿರ್ಧರಿಸಿ.

ನಿಮ್ಮ ದೊಡ್ಡ ಭಯಕ್ಕೆ ಬರುತ್ತೇನೆ. ಅತ್ತರೆ? ಅಳಬಹುದು. ಮನೆಯ ಅಕ್ಷರ ನೋಡಿ ಕಣ್ಣು ತುಂಬಿ ಬರುವುದು ಸಹಜ. ಇದು ಹೊಸ ಸಂಕಟವೂ ಅಲ್ಲ. 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇದರ ಬಗ್ಗೆಯೇ ಪ್ರಬಂಧ ಬರೆದು, ಗ್ರೀಕ್ ಪದಗಳಿಂದ 'ನಾಸ್ಟಾಲ್ಜಿಯಾ' ಎಂಬ ಹೆಸರು ಕಟ್ಟಿದ. ಮನೆಗೆ ಮರಳುವುದು, ನೋವು, ಈ ಎರಡು ಮಾತು ಸೇರಿ ಆದ ಪದ ಅದು. ಅವನ ಕಾಲದಲ್ಲಿ ಇದನ್ನು ಕಾಯಿಲೆ ಎಂದೇ ತಿಳಿದಿದ್ದರು. ಈಗ ಹಾಗಿಲ್ಲ. 2007ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಗಾಗಿ ಕ್ರಿಸ್ಟೋಫರ್ ಥರ್ಬರ್ ಮತ್ತು ಎಡ್ವರ್ಡ್ ವಾಲ್ಟನ್ ಮನೆ ನೆನಪಿನ ಸಂಕಟದ ಬಗ್ಗೆ ಒಂದು ವರದಿ ಬರೆದರು. ಮನೆಯಿಂದ ದೂರ ಇರುವಾಗ ಬಹುತೇಕ ಎಲ್ಲ ಮಕ್ಕಳಿಗೂ ಇದು ಸ್ವಲ್ಪವಾದರೂ ಆಗುತ್ತದೆ, ಮೊದಲೇ ತಯಾರಿ ಮಾಡಿದರೆ ಕಡಿಮೆ ಮಾಡಬಹುದು ಎನ್ನುವುದು ಅದರ ತಿರುಳು. ಹೊರಡುವ ಮೊದಲು ಒಂದೆರಡು ರಾತ್ರಿ ಅಜ್ಜಿ ಮನೆಯಲ್ಲೋ ಗೆಳತಿ ಮನೆಯಲ್ಲೋ ಉಳಿದು ಅಭ್ಯಾಸ ಮಾಡುವುದು ಒಳ್ಳೆಯದು. ಆ ಅಭ್ಯಾಸದಲ್ಲಿ ಫೋನ್ ಬೇಡ. ಅಲ್ಲಿಂದ ನಿಮಗೆ ಒಂದು ಪತ್ರ ಬರೆಯಲಿ. ಕವರ್ ಮೇಲೆ ವಿಳಾಸ ಬರೆಯುವುದು, ಸ್ಟಾಂಪ್ ಹಚ್ಚುವುದು ಆಗಲೇ ಕಲಿತುಬಿಡುತ್ತಾಳೆ. ಈಗಿನ ಎಷ್ಟೋ ಮಕ್ಕಳು ಅದನ್ನು ಒಮ್ಮೆಯೂ ಮಾಡಿರುವುದಿಲ್ಲ.

ಆ ವರದಿಯಲ್ಲಿ ಇನ್ನೊಂದು ಎಚ್ಚರಿಕೆ ಇದೆ. ನನ್ನ ಅನುಭವವೂ ಅದನ್ನೇ ಹೇಳುತ್ತದೆ. "ಬೇಜಾರಾದರೆ ಹೇಳು, ಬಂದು ಕರೆದುಕೊಂಡು ಹೋಗುತ್ತೇವೆ" ಎಂದು ಮಾತು ಕೊಡಬೇಡಿ. ಬಾಯಲ್ಲೂ ಬೇಡ, ಪತ್ರದಲ್ಲೂ ಬೇಡ. ಒಳ್ಳೆಯ ಮನಸ್ಸಿನಿಂದ ಹೇಳುವ ಮಾತೇ ಅದು. ಆದರೆ ಮಗು ಕೇಳಿಸಿಕೊಳ್ಳುವುದು ಬೇರೆ: ಅಮ್ಮನಿಗೆ ನನ್ನ ಮೇಲೆ ನಂಬಿಕೆ ಇಲ್ಲ. ಆಮೇಲೆ ಮೊದಲ ಸಂಜೆ ಸ್ವಲ್ಪ ಬೇಜಾರಾದರೂ ಅದರ ಮನಸ್ಸು ಆ ಮಾತಿಗೇ ಜೋತುಬೀಳುತ್ತದೆ. "ಮನೆ ನೆನಪಾದರೆ ಏನು ಮಾಡೋಣ?" ಎಂದು ಮೊದಲೇ ಕೂತು ಮಾತಾಡಿ. ಫೋಟೋ ನೋಡುವುದು, ಅಲ್ಲಿನ ಅಕ್ಕನಿಗೆ ಹೇಳುವುದು, ಕಾಗದ ಬರೆಯುವುದು, ಯಾವುದು ಬೇಕೋ ಅವಳೇ ಆರಿಸಲಿ.

ಈಗ ಅವಳಿಂದ ಬರುವ ಪತ್ರ. ಒಂದು ದಿನ ಪೆಟ್ಟಿಗೆ ತೆರೆದರೆ ಹೀಗೊಂದು ಕಾಗದ ಇರಬಹುದು: "ಅಮ್ಮಾ, ಇಲ್ಲಿ ನನಗೆ ಇಷ್ಟ ಇಲ್ಲ. ಯಾರೂ ನನ್ನ ಜೊತೆ ಮಾತಾಡಲ್ಲ. ಬೇಗ ಬಾ." ಅಕ್ಷರದ ಮೇಲೆ ನೀರು ಬಿದ್ದ ಕಲೆಯೂ ಇರಬಹುದು. ಓದಿದ ಕೂಡಲೇ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಗುತ್ತದೆ. ಆಗ ಮೊದಲು ತಾರೀಖು ನೋಡಿ. ಅದು ಎರಡನೇ ರಾತ್ರಿ ಬರೆದದ್ದು. ಇವತ್ತು ಆರನೇ ದಿನ. ಮಕ್ಕಳು ಕಾಗದ ಬರೆಯುವುದೇ ಬೇಜಾರಾದಾಗ ಅಥವಾ ಬರೆಯಿರಿ ಎಂದು ಕೂರಿಸಿದಾಗ. ಖುಷಿಯಲ್ಲಿರುವ ಮಗು ಬರೆಯಲು ಕೂರುವುದಿಲ್ಲ, ಹೊರಗೆ ಓಡುತ್ತದೆ. ಒಮ್ಮೆ ಅಪ್ಪ ಒಬ್ಬರು ಇಂಥ ಪತ್ರ ಹಿಡಿದು ಓಡೋಡಿ ಬಂದಿದ್ದರು. ಮಗಳು ನಾಟಕದ ಮುಖವಾಡ ಹಾಕಿಕೊಂಡೇ ಬಂದು, "ಅಪ್ಪಾ, ಯಾಕೆ ಬಂದ್ರಿ?" ಎಂದಳು. ಆ ಪತ್ರ ಬರೆದದ್ದೇ ಅವಳಿಗೆ ಮರೆತುಹೋಗಿತ್ತು.

ಆದರೆ ಸುಮ್ನೆ ಬಿಟ್ಟುಬಿಡಿ ಎಂದೂ ನಾನು ಹೇಳುವುದಿಲ್ಲ. ಕ್ಯಾಂಪಿಗೆ ಫೋನ್ ಮಾಡಿ, ಪತ್ರದಲ್ಲಿ ಏನಿದೆ ಓದಿ ಹೇಳಿ, ಈಗ ಹೇಗಿದ್ದಾಳೆ ಕೇಳಿ. ಊಟ, ನಿದ್ದೆ ಸರಿಯಾಗಿದೆಯಾ, ಆಟಕ್ಕೆ ಸೇರುತ್ತಾಳಾ ಎಂದು ವಿಚಾರಿಸಿ. "ಎಲ್ಲ ಚೆನ್ನಾಗಿದೆ" ಎಂಬ ಒಂದೇ ಮಾತಿಗೆ ಒಪ್ಪಬೇಡಿ. ಅವಳನ್ನು ನೋಡಿಕೊಳ್ಳುವ ಅಕ್ಕನ ಜೊತೆಯೇ ಮಾತಾಡಬೇಕು ಎಂದು ಕೇಳಿ. ದಿನದಿಂದ ದಿನಕ್ಕೆ ಊಟ ನಿದ್ದೆ ಕೆಡುತ್ತಿದ್ದರೆ, ಯಾರಾದರೂ ಹೊಡೆಯುತ್ತಾರೆ, ಹೆದರಿಸುತ್ತಾರೆ, ಬೇಡದ ರೀತಿಯಲ್ಲಿ ಮುಟ್ಟುತ್ತಾರೆ ಎಂಬ ಸುಳಿವು ಪತ್ರದಲ್ಲಿ ಇದ್ದರೆ, ಅದು ಮನೆ ನೆನಪಿನ ಮಾತಲ್ಲ. ಆಗ ಅಂಚೆಗೆ ಕಾಯಬಾರದು, ಅದೇ ದಿನ ಹೋಗಬೇಕು. ಉಳಿದ ಪತ್ರಗಳಿಗೆ ಉತ್ತರ ಹೀಗಿರಲಿ: "ನಿನ್ನ ಕಾಗದ ಓದಿದೆ. ಮೊದಲ ದಿನಗಳು ಕಷ್ಟ ಆಗಿತ್ತು ಅಂತ ಗೊತ್ತಾಯಿತು. ಬರೆದು ಹೇಳಿದ್ದು ಒಳ್ಳೆಯದಾಯಿತು." ಬೇಜಾರನ್ನು ಇಲ್ಲ ಎನ್ನಬೇಡಿ. ಅದರಲ್ಲೇ ಎರಡು ಪುಟ ಮುಳುಗಿಸಲೂ ಬೇಡಿ.

ಏನೂ ಪತ್ರ ಬಾರದಿದ್ದರೆ ಕೊರಗಬೇಡಿ. ವಿಳಾಸ ಬರೆದು ಸ್ಟಾಂಪ್ ಹಚ್ಚಿದ ನಾಲ್ಕು ಕವರ್, ಹಾಳೆ, ಎರಡು ಪೆನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಳಿಸಿ. ಸೆಖೆಗೆ, ತೇವಕ್ಕೆ ಅಂಟು ಕವರ್‌ಗಳು ತಾವಾಗಿಯೇ ಮುಚ್ಚಿಕೊಂಡುಬಿಡುತ್ತವೆ, ಪೋಸ್ಟ್‌ಕಾರ್ಡ್ ಆದರೆ ಆ ತೊಂದರೆ ಇಲ್ಲ. ಬರೆಯಲು ಕಷ್ಟಪಡುವ ಮಗುವಾದರೆ ಅರ್ಧ ಬರೆದ ಸಾಲುಗಳಿರುವ ಕಾರ್ಡ್ ಮಾಡಿಕೊಡಿ: "ಇವತ್ತು ನಾನು ನಕ್ಕಿದ್ದು..." "ಇಲ್ಲಿ ನನಗೆ ಹಿಡಿಸದೇ ಇರುವುದು..." ಎರಡನೆಯದೂ ಇರಬೇಕು. ಒಳ್ಳೆಯದನ್ನು ಮಾತ್ರ ಬರೆ ಎಂದು ನಾವು ಹೇಳಿಕೊಟ್ಟಂತೆ ಆಗಬಾರದು.

ಪಾರ್ಸಲ್ ವಿಷಯಕ್ಕೆ ಮೊದಲು ಕ್ಯಾಂಪಿನ ನಿಯಮ ಓದಿ. ಕೆಲವು ಕಡೆ ಪೆಟ್ಟಿಗೆಯೇ ಬೇಡ, ಚಪ್ಪಟೆ ಕವರ್ ಮಾತ್ರ ಸಾಕು ಎನ್ನುತ್ತಾರೆ. ಅದಕ್ಕೆ ಕಾರಣ ಇದೆ. ಒಂದು ಮಗುವಿಗೆ ಮೂರು ದೊಡ್ಡ ಪೆಟ್ಟಿಗೆ ಬಂದು, ಪಕ್ಕದ ಹಾಸಿಗೆಯ ಮಗುವಿಗೆ ಒಂದೂ ಬಾರದಿದ್ದಾಗ ಆ ಕೋಣೆಯಲ್ಲಿ ಏನಾಗುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ತಿನ್ನುವುದು ಬೇಡ ಎನ್ನುವ ಕ್ಯಾಂಪ್‌ಗಳೂ ತುಂಬ ಇವೆ. ಇರುವೆ, ಇಲಿ ಬರುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು ಅಲರ್ಜಿ. ಕಡಲೆಕಾಯಿ, ಗೋಡಂಬಿಯಂಥವು ಒಂದು ಚೂರು ಹೊಟ್ಟೆಗೆ ಹೋದರೂ ಕೆಲವು ಮಕ್ಕಳಿಗೆ ಉಸಿರು ಕಟ್ಟಿ ಪ್ರಾಣಕ್ಕೇ ಬರುತ್ತದೆ. ಹಾಗಾಗಿ ಬಟ್ಟೆಯೊಳಗೆ ಸುತ್ತಿ, ಗೊಂಬೆಯ ಹೊಟ್ಟೆಯಲ್ಲಿ ಅಡಗಿಸಿ ಸಿಹಿ ಕಳಿಸುವ ಸಾಹಸ ಮಾಡಬೇಡಿ. ಮಗುವಿಗೂ ಅದು ಹಿಂಸೆ. ಅಮ್ಮ ಕಳಿಸಿದ್ದನ್ನು ಬಚ್ಚಿಟ್ಟು ಸುಳ್ಳು ಹೇಳಬೇಕಾಗುತ್ತದೆ. ತಿನ್ನುವುದಕ್ಕೆ ಒಪ್ಪಿಗೆ ಇದ್ದರೂ ಚಾಕೊಲೇಟ್ ಬಿಟ್ಟುಬಿಡಿ. ಅದರಲ್ಲಿರುವ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಬಿಸಿಲಲ್ಲಿ ನಿಂತ ಅಂಚೆ ವ್ಯಾನಿನೊಳಗೆ ಅದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ, ಜೊತೆಗಿಟ್ಟ ಕಾಗದವೂ ಹಾಳು.

ಇಂಥ ಪೆಟ್ಟಿಗೆಗೆ 'ಕೇರ್ ಪ್ಯಾಕೇಜ್' ಎಂಬ ಹೆಸರು ಬಂದದ್ದು ಹಸಿವಿನ ಕಾಲದಲ್ಲಿ. ಎರಡನೇ ಮಹಾಯುದ್ಧದಲ್ಲಿ ನೊಂದ ಯುರೋಪಿನ ಜನರಿಗೆ ಆಹಾರ ಕಳಿಸಲು ಅಮೆರಿಕದಲ್ಲಿ 1945ರಲ್ಲಿ ಕೇರ್ ಎಂಬ ಸಂಸ್ಥೆ ಹುಟ್ಟಿತು. ಅದರ ಮೊದಲ ಪೆಟ್ಟಿಗೆಗಳು 1946ರ ಮೇ ತಿಂಗಳಲ್ಲಿ ಫ್ರಾನ್ಸಿನ ಲೆ ಆವ್ರ್ ಬಂದರು ತಲುಪಿದವು. ಅವು ಹೊಟ್ಟೆಗೆ ಬೇಕಾದದ್ದನ್ನು ಹೊತ್ತು ಹೋದವು. ಕ್ಯಾಂಪಿನಲ್ಲಿ ನಿಮ್ಮ ಮಗಳಿಗೆ ಊಟ ಸಿಗುತ್ತದೆ. ಅಲ್ಲಿ ಅವಳಿಗೆ ಬೇಕಾಗುವುದು ಬೇರೆಯವರ ಜೊತೆ ಸೇರಲು ಒಂದು ನೆಪ.

ಆದ್ದರಿಂದ ಹಂಚಿಕೊಂಡು ಆಡುವ ವಸ್ತು ಹಾಕಿ. ಒಂದು ಕಟ್ಟು ಇಸ್ಪೀಟು ಎಲೆ ಸಾಕು, ಮಳೆ ಬಂದ ಮಧ್ಯಾಹ್ನ ಇಡೀ ಕೋಣೆ ಅವಳ ಹಾಸಿಗೆ ಸುತ್ತ ಕೂತಿರುತ್ತದೆ. ಕೈಗೆ ಕಟ್ಟುವ ದಾರ ಹೆಣೆಯಲು ಬಣ್ಣಬಣ್ಣದ ನೂಲು, ಎಲ್ಲರಿಗೂ ಆಗುವಷ್ಟು ಸ್ಟಿಕ್ಕರ್, ಒಗಟಿನ ಹಾಳೆಗಳು, ಒಂದು ಕಥೆ ಪುಸ್ತಕ. ನನ್ನನ್ನು ಕೇಳಿದರೆ ನೂಲಿನ ಉಂಡೆಯಂಥ ವಸ್ತು ಇನ್ನೊಂದಿಲ್ಲ. ಗುರುತಿಲ್ಲದ ಇಬ್ಬರು ಮಕ್ಕಳು ಒಂದೇ ದಾರದ ಎರಡು ತುದಿ ಹಿಡಿದು ಕೂತರೆ ಸಂಜೆಯೊಳಗೆ ಗೆಳತಿಯರು. ಕಾಗದವನ್ನೇ ತುಂಡು ತುಂಡು ಮಾಡಿ ಜೋಡಿಸುವ ಆಟದಂತೆ ಕಳಿಸಬಹುದು. ಮುಂದೇನಾಯಿತು ಎಂದು ಕಾಯಿಸುವ ಕಥೆಯನ್ನು ಪತ್ರಕ್ಕೆ ಒಂದು ಕಂತಿನಂತೆ ಬರೆಯಬಹುದು. ಇದಕ್ಕೆ ಪೆಟ್ಟಿಗೆಯೇ ಬೇಡ.

ಬೆಲೆಬಾಳುವುದು, ಮುರಿದರೆ ಅಳು ಬರುವಂಥದ್ದು, ಪರಿಮಳದ ಎಣ್ಣೆ, ಚಾಕು, ಕದ್ದು ಇಡುವ ಫೋನ್ ಬೇಡ. ಔಷಧಿಯನ್ನು ಪಾರ್ಸಲ್‌ನಲ್ಲಿ ಹಾಕಲೇಬಾರದು. ಅದನ್ನು ಬಿಡಲು ಹೋದಾಗಲೇ ಅದರ ಮೂಲ ಡಬ್ಬಿಯಲ್ಲಿ ಅಲ್ಲಿನ ನರ್ಸ್ ಕೈಗೆ ಕೊಡಬೇಕು. ಬ್ಯಾಟರಿ ಇರುವ ವಸ್ತು ಹಾಕುವ ಮೊದಲು ಅಂಚೆಯವರನ್ನು ಕೇಳಿ, ಲಿಥಿಯಂ ಬ್ಯಾಟರಿಗೆ ಬಹಳ ಕಡೆ ನಿರ್ಬಂಧ ಇದೆ.

ವಿಳಾಸದಲ್ಲಿ ಮಗಳ ಪೂರ್ತಿ ಹೆಸರು, ಅವಳ ಗುಂಪು ಅಥವಾ ಕೋಣೆಯ ಹೆಸರು ಇರಲಿ. ಮನೆಯಲ್ಲಿ ಕರೆಯುವ ಮುದ್ದಿನ ಹೆಸರು ಕವರ್ ಮೇಲೆ ಬೇಡ, ಎಲ್ಲರ ಮುಂದೆ ಓದಿ ಕರೆಯುತ್ತಾರೆ. ಪೆಟ್ಟಿಗೆಯ ಒಳಗೂ ವಿಳಾಸದ ಚೀಟಿ ಹಾಕಿ, ಹೊರಗಿನದು ಕಿತ್ತುಹೋದರೂ ತಲುಪುತ್ತದೆ. ಎರಡು ವಾರಕ್ಕೆ ಒಂದೇ ಪಾರ್ಸಲ್ ಸಾಕು. ಅದು ಮೊದಲ ವಾರದ ಕೊನೆಗೆ ಸಿಗುವ ಹಾಗೆ ಲೆಕ್ಕ ಹಾಕಿ. ಶುರುವಿನ ಹುರುಪು ಇಳಿದು ಕೊನೆಯ ದಿನ ಇನ್ನೂ ದೂರ ಕಾಣುವ ಹೊತ್ತು ಅದು. ಕೊನೆಯ ನಾಲ್ಕೈದು ದಿನಗಳಲ್ಲಿ ಏನನ್ನೂ ಅಂಚೆಗೆ ಹಾಕಬೇಡಿ, ಅವಳು ಹೊರಟ ಮೇಲೆ ಅಲ್ಲಿಗೆ ಹೋಗಿ ಕೂತಿರುತ್ತದೆ. ಕೆಲವು ಕ್ಯಾಂಪ್‌ಗಳಲ್ಲಿ ಇಮೇಲ್ ಕಳಿಸಿದರೆ ಪ್ರಿಂಟ್ ತೆಗೆದು ಕೊಡುತ್ತಾರೆ. ಕೊನೆಯ ದಿನಗಳಿಗೆ ಅದು ಅನುಕೂಲ. ಆದರೆ ಅದೊಂದನ್ನೇ ನೆಚ್ಚಬೇಡಿ. ಪ್ರಿಂಟ್ ಹಾಳೆಗಳನ್ನು ಮಕ್ಕಳು ಓದಿ ಎತ್ತಲೋ ಬಿಡುತ್ತಾರೆ. ಅಮ್ಮನ ಕೈಬರಹದ ಕಾಗದ ಮಾತ್ರ ದಿಂಬಿನ ಕೆಳಗೆ ಹೋಗುತ್ತದೆ. ಬೆಳಗ್ಗೆ ಹಾಸಿಗೆ ಸುತ್ತುವಾಗ ಎಷ್ಟೋ ದಿಂಬಿನ ಕೆಳಗೆ ನಾನು ನೋಡಿದ್ದೇನೆ, ಮಡಚಿ ಮಡಚಿ ಮೂಲೆ ಸವೆದ ಕಾಗದಗಳು.

ಅವಳು ಹೊರಡುವುದು ಯಾವಾಗ? ಇನ್ನೂ ಒಂದು ವಾರ ಇದ್ದರೆ ಮೊದಲ ಪತ್ರ ಇವತ್ತೇ ಬರೆದಿಡಿ. ಅವಳು ಮಲಗಿದ ಮೇಲೆ ಬರೆಯಿರಿ.